ವಿಕಿರಣದ ಭಯ ಎಷ್ಟು ನಿಜ?

ಮಗಳು ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿ (ವಿಕಿರಣ ಸೂಸುವ ಔಷಧ ಕೊಟ್ಟು ದೇಹದೊಳಗಿನ ಚಿತ್ರ ತೆಗೆಯುವ ಕೆಲಸ) ಓದಿದರೆ ವಿಕಿರಣದಿಂದ ಅಪಾಯವಾ ಅಂತ ಬದಿಯಡ್ಕದಿಂದ ಕೇಳಿದ್ದೀರಿ. ನಾನೂ ಕಾಸರಗೋಡು ಕಡೆಯ ಕುಂಬಳೆಯವಳು, ಇದೇ ಕೆಲಸದಲ್ಲಿದ್ದೇನೆ. ಹೆದರಬೇಡಿ, ಆದರೆ ಉದಾಸೀನ ಮಾಡುವವರಿಗೆ ಈ ಕೆಲಸ ಅಲ್ಲ.

ಬೆಳಿಗ್ಗೆ ಮೊದಲು ಜನರೇಟರ್ ಅನ್ನುವ ಸಣ್ಣ ಉಪಕರಣದಿಂದ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತು ತೆಗೆಯುತ್ತೇವೆ. ನಾವು ಅದಕ್ಕೆ ಹಾಲು ಕರೆಯೋದು ಅಂತಲೇ ಹೇಳುವುದು! 6 ಗಂಟೆಯಲ್ಲಿ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ರೋಗಿಯ ಬಸ್ಸು ತಡವಾದರೆ ಡೋಸ್ ಲೆಕ್ಕ ಮತ್ತೆ ಹಾಕಬೇಕು. ವಿಕಿರಣ ತಡೆಯಲು ಸಿರಿಂಜಿಗೆ ದಪ್ಪ ಲೋಹದ ಕವಚ, ನಮಗೆ ತಗಲಿದ ವಿಕಿರಣ ಅಳೆಯಲು ಎದೆಗೆ ಟಿಎಲ್‌ಡಿ ಬ್ಯಾಡ್ಜ್. ಕೆಲಸ ಮಾಡುವವರಿಗೆ ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲಿದ ವಿಕಿರಣದ ಅಳತೆ).

ಇಂಜೆಕ್ಷನ್ ಆದಮೇಲೆ ರೋಗಿಯೇ ವಿಕಿರಣದ ಮೂಲ, ಅಲ್ವಾ? ಹಾಗಾಗಿ ಮಾತೆಲ್ಲ ಮೊದಲೇ ಮುಗಿಸುತ್ತೇನೆ. ಆಮೇಲೆ ಪಕ್ಕದಲ್ಲಿ ಸುಮ್ನೆ ನಿಲ್ಲುವುದಿಲ್ಲ. ತುಳು, ಮಲಯಾಳಂ ಬರುವ ನಮ್ಮ ಕಡೆಯವರಿಗೆ ಆ ಮಾತು ಬೇಗ ಮುಗಿಯುತ್ತದೆ.