ಮಳೆ ಜೋರಾಗಿದೆ, ಅಡಿಕೆಗೆ ಯೂರಿಯಾ ಈಗಲೇ ಹಾಕಲಾ?

ನಮಸ್ಕಾರ. ಮುಂಗಾರು ಹಿಡಿದುಬಿಟ್ಟಿದೆ, ಇಳಿಜಾರಿನ ಅಡಿಕೆ ತೋಟ, ಕೆಳಗೇ ಕುಡಿಯುವ ನೀರಿನ ಬಾವಿ, ಗೊಬ್ಬರ ಈಗಲೇ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಈಗ ಬೇಡ.

ಒಂದು ಚಮಚ ಯೂರಿಯಾವನ್ನು ಲೋಟ ನೀರಿಗೆ ಹಾಕಿ ಕಲಕಿ ನೋಡಿ, ಸ್ವಲ್ಪ ಹೊತ್ತಿಗೆ ಕಾಳೇ ಕಾಣುವುದಿಲ್ಲ, ಲೋಟ ಮುಟ್ಟಿದರೆ ತಣ್ಣಗಾಗಿರುತ್ತದೆ. ಅಷ್ಟು ಬೇಗ ಕರಗುತ್ತದೆ. ಕರಗಿದ ಯೂರಿಯಾವನ್ನು ಮಣ್ಣು ಹಿಡಿದುಕೊಳ್ಳುವುದಿಲ್ಲ, ಅದು ಅಮೋನಿಯಂ ಎಂಬ ಸಾರಜನಕದ ರೂಪವಾಗಿ ಮಣ್ಣಿಗೆ ಅಂಟಲು ಕೆಲವು ದಿನ ಬೇಕು, ಅಷ್ಟರೊಳಗೆ ದೊಡ್ಡ ಮಳೆ ಬಂದರೆ ಬಸಿಗಾಲುವೆ ಪಾಲು. ಆಮೇಲೆ ಅಮೋನಿಯಂ ಬದಲಾಗಿ, ಮಣ್ಣಿಗೆ ಅಂಟದ ನೈಟ್ರೇಟ್ ಆದದ್ದು ನೀರಿನ ಜೊತೆ ಬಾವಿಗೂ ಇಳಿಯುತ್ತದೆ. ಕುಡಿಯುವ ನೀರಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಕುದಿಸಿದರೂ ಹೋಗುವುದಿಲ್ಲ. ಮನೆಯಲ್ಲಿ ಹಸುಗೂಸು ಇದ್ದರೆ ಇನ್ನೂ ಹುಷಾರು.

ಮರಕ್ಕೆ ವರ್ಷಕ್ಕೆ ಬೇಕಾದ ಸಾರಜನಕ 100 ಗ್ರಾಂ, ಅಂದರೆ ಯೂರಿಯಾ ಸುಮಾರು 220 ಗ್ರಾಂ. ಇದನ್ನು ಎರಡು ಕಂತು ಮಾಡಿ. ಮೊದಲನೆಯದು ಮೇ ಕೊನೆಗೆ, ಹದ ಮಳೆ ಬಿದ್ದು ಮಣ್ಣು ಒದ್ದೆಯಾದಾಗ ಹಾಕಬೇಕಿತ್ತು. ಈಗ ತಪ್ಪಿದೆ ಅಲ್ವಾ, ಪರವಾಗಿಲ್ಲ, ಎರಡು ಮೂರು ದಿನ ಮಳೆ ಹೊಳವಾಗುವ ಮುನ್ಸೂಚನೆ ಇದ್ದರೆ ಮಾತ್ರ ಮೊದಲ ಕಂತಿನ ಅರ್ಧದಷ್ಟು ಕೊಡಿ, ಇಲ್ಲದಿದ್ದರೆ ಎರಡನೇ ಕಂತಿನ ಹೊತ್ತಾದ ಸೆಪ್ಟೆಂಬರ್‌ವರೆಗೆ ಕಾಯಿರಿ. ಬಿಟ್ಟದ್ದನ್ನೆಲ್ಲ ಒಟ್ಟಿಗೆ ಸುರಿಯಬೇಡಿ.

ಸುಮ್ನೆ ಎರಚಬೇಡಿ, ಬುಡದಿಂದ ಎರಡು ಅಡಿ ದೂರ ಕೆದಕಿ ಹಾಕಿ, ಮಣ್ಣು ಎಳೆದು ಮೇಲೆ ಸೊಪ್ಪು ಮುಚ್ಚಿ. ಬಾವಿಯ ಅಂಚಿನ ಸಾಲುಗಳಿಗೆ ಕೊಟ್ಟಿಗೆ ಗೊಬ್ಬರವನ್ನೂ ಮಳೆ ಕಳೆದ ಮೇಲೆಯೇ ಕೊಡಿ.