ನಾಲಾ ಸುಧಾರಿಸಿತೋ, ದಂಡೆ ಸುಧಾರಿಸಿತೋ?

ಮಾಸ್ತರರೇ, ನಮಸ್ಕಾರ.

ನಿಮ್ಮ ಪತ್ರ ಉದ್ದ ಇತ್ತು, ಉಳಿದ ಓದುಗರಿಗಾಗಿ ಅದರ ಸಾರ ಮೊದಲು ಹೇಳಿಬಿಡುತ್ತೇನೆ. ಬೆಳಗಾವಿಯ ನಿಮ್ಮ ಬಡಾವಣೆಯ ಹಿಂದಿನ ನಾಲಾದಲ್ಲಿ ಹೂಳು ತೆಗೆದರು. ತಳಕ್ಕೆ ಕಾಂಕ್ರೀಟ್ ಹಾಕಿ ಎರಡೂ ಬದಿ ಕಲ್ಲಿನ ಗೋಡೆ ಕಟ್ಟಿದರು, ಅಡ್ಡಾಡಲು ದಾರಿ ಮಾಡಿ ದೀಪ ಹಾಕಿದರು. ಅಕ್ಟೋಬರ್‌ನಲ್ಲಿ ನೋಡಿದರೆ ನೀರು ತಿಳಿ, ವಾಸನೆ ಇಲ್ಲ, ಮೀನು ಬೇರೆ ಕಂಡವು. ಈಗ ಕೆಲಸ ಮಾಡಿಸಿದವರಿಗೆ ಸನ್ಮಾನ ಇದೆ. ನಿಮ್ಮ ಪತ್ರಿಕೆ ಬರೀ ಕೊಂಕು ತೆಗೆಯುತ್ತದೆ, ಒಂದು ಒಳ್ಳೆ ಮಾತು ಬರೆದರೆ ನಿಮ್ಮ ಗಂಟೇನು ಹೋಗುತ್ತದೆ ಅಂತ ಕೇಳಿದ್ದೀರಿ.

ನಮ್ಮ ಗಂಟೇನೂ ಹೋಗುವುದಿಲ್ಲ. ಮೊದಲು ಕಸ ಎಸೆಯುತ್ತಿದ್ದ ಜಾಗದಲ್ಲಿ ಈಗ ಹೆಣ್ಣುಮಕ್ಕಳು ಸಂಜೆ ಧೈರ್ಯವಾಗಿ ಅಡ್ಡಾಡುತ್ತಾರೆ ಅಂದರೆ ಅದು ಸಣ್ಣ ಮಾತಲ್ಲ, ಬರೆಯೋಣ. ಆದರೆ ಅದು ದಂಡೆಯ ಸುದ್ದಿ. ಬ್ಯಾನರಿನ ಮೇಲೆ ಇರುವುದು ನಾಲಾ ಪುನರುಜ್ಜೀವನ ಅಂತ. ಹಾಗಿದ್ದ ಮೇಲೆ ನೀರನ್ನು ಕೇಳಬೇಕಲ್ವಾ? ಎಷ್ಟು ಮೀಟರ್ ಗೋಡೆ, ಎಷ್ಟು ದೀಪ ಅಂತ ಲೆಕ್ಕ ಕೊಟ್ಟು ಯಶಸ್ಸು ಅನ್ನುವುದು, ಹೊಸ ಯೂನಿಫಾರ್ಮ್ ನೋಡಿ ಹುಡುಗನನ್ನು ಪಾಸು ಮಾಡಿದ ಹಾಗಾಯ್ತು.

ಮತ್ತೆ ಆ ಅಕ್ಟೋಬರ್. ಜೂನ್‌ನಿಂದ ಹಿಡಿದ ಮಳೆ ತೊಳೆದು ಹೋದ ಮೇಲೆ ಬೆಳಗಾವಿಯ ಯಾವ ನಾಲಾ ತಾನೇ ಕೊಳಕಾಗಿ ಕಾಣುತ್ತದೆ? ಮಳೆನೀರು ಬೆರೆತರೆ ಚರಂಡಿ ನೀರೂ ತಿಳಿಯಾಗುತ್ತದೆ. ನೋಡಬೇಕಾದದ್ದು ಏಪ್ರಿಲ್-ಮೇ ತಿಂಗಳಲ್ಲಿ, ಮೇಲಿನಿಂದ ನೀರು ಬರುವುದು ನಿಂತು, ನಾಲಾದಲ್ಲಿ ಹರಿಯುವುದೆಲ್ಲ ಮನೆಗಳಿಂದ ಬಂದದ್ದೇ ಆದಾಗ. ಅದೂ ಬೆಳಗಿನ ಜಾವ. ಹಗಲು ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಎಲ್ಲ ಜೀವಿಗಳೂ ಅದನ್ನು ಎಳೆದುಕೊಂಡು, ಸೂರ್ಯ ಹುಟ್ಟುವ ಹೊತ್ತಿಗೆ ತೀರಾ ಕಮ್ಮಿಯಾಗಿರುತ್ತದೆ. ಮಧ್ಯಾಹ್ನ ಎರಡಕ್ಕೆ ಬಾಟಲಿ ತುಂಬಿಸಿದರೆ ಕೆಟ್ಟ ನೀರೂ ಒಳ್ಳೆ ಅಂಕ ತಗೋಬಹುದು. ನಮ್ಮ ದೇಶದಲ್ಲಿ ಸ್ನಾನಕ್ಕೆ ತಕ್ಕ ನೀರು ಅನ್ನಬೇಕಾದರೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಬಿಒಡಿ 3 ಮಿಲಿಗ್ರಾಂ ದಾಟಬಾರದು. ಬಿಒಡಿ ಅಂದರೆ ನೀರಿನ ಕೊಳಕನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಶುದ್ಧೀಕರಿಸದ ಚರಂಡಿ ನೀರಿನಲ್ಲಿ ಅದು ಸಾಮಾನ್ಯವಾಗಿ 200ರ ಆಸುಪಾಸು ಇರುತ್ತದೆ. ನಾಳೆಯೇ 3ಕ್ಕೆ ಇಳಿಯಲಿ ಅಂತ ಯಾರೂ ಕೇಳುತ್ತಿಲ್ಲ, ಎಲ್ಲಿಂದ ಎಲ್ಲಿಗೆ ಇಳಿಯಿತು ಅಂತ ಹೇಳಲಿ ಸಾಕು.

ಮೀನಿನ ವಿಷಯಕ್ಕೆ ಬರೋಣ. ಸೊಳ್ಳೆ ಮರಿ ತಿನ್ನಲಿ ಅಂತ ಊರೂರಿಗೆ ಬಿಟ್ಟ ಗ್ಯಾಂಬೂಸಿಯಾ ಅನ್ನುವ ಪುಟ್ಟ ಮೀನು ಕೊಳಕು ನೀರಿನಲ್ಲೂ ಬದುಕುತ್ತದೆ, ಮೇಲ್ಪದರದ ನೀರನ್ನೇ ನೆಚ್ಚಿಕೊಂಡು. ನೀವು ಕಂಡದ್ದು ಅದೇ ಆಗಿದ್ದರೆ ಅದರ ಸಾಕ್ಷಿ ನಡೆಯುವುದಿಲ್ಲ. ಮೀನಿಗಿಂತ ಹುಳ ನಂಬಿಕಸ್ತ. ಕಾಂಕ್ರೀಟ್ ಇಲ್ಲದ ಕಡೆ ಮಂಡಿಯೂರಿ ನೀರೊಳಗಿನ ಒಂದು ಕಲ್ಲು ತಿರುಗಿಸಿ, ಅದರ ತಳ ನೋಡಿ. ಕೆಂಪು ದಾರದ ಚೂರಿನಂಥ ಹುಳಗಳು ಕೆಸರಿನಲ್ಲಿ ನುಲಿಯುತ್ತಿದ್ದು ಬೇರೇನೂ ಇಲ್ಲದಿದ್ದರೆ ಆಮ್ಲಜನಕ ಬಹಳ ಕಮ್ಮಿ ಅಂತ ಅರ್ಥ. ನಮ್ಮ ರಕ್ತದ ಹಾಗೆ ಅವುಗಳ ಮೈಯಲ್ಲೂ ಹಿಮೋಗ್ಲೋಬಿನ್ ಇರುತ್ತದೆ, ಇದ್ದ ಚೂರುಪಾರು ಆಮ್ಲಜನಕವನ್ನೂ ಅವು ಹಿಡಿದುಕೊಳ್ಳುತ್ತವೆ. ಹಾಗಲ್ಲದೆ ಕಲ್ಲಿಗೆ ಅಂಟಿಕೊಂಡ, ಹಿಂದೆ ಮೂರು ಎಳೆಯ ಬಾಲ ಇರುವ ಮೇಫ್ಲೈ ಅನ್ನುವ ಕೀಟದ ಮರಿಗಳು ನಾಲ್ಕು ಸಿಕ್ಕರೂ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ ಅಂತ ಅರ್ಥ, ನನಗೆ ಫೋನ್ ಮಾಡಿ, ಮುಖಪುಟದಲ್ಲೇ ಹಾಕೋಣ. ಇದಕ್ಕೆ ಒಂದು ಬಿಳಿ ತಟ್ಟೆ, ಒಂದು ಭೂತಗನ್ನಡಿ, ನಿಮ್ಮ ಹಳೆ ವಿದ್ಯಾರ್ಥಿಗಳು ಇಬ್ಬರು ಸಾಕು.

ಮೊದಲು ಹೇಗಿತ್ತು ಅನ್ನುವ ಲೆಕ್ಕವೇ ಇಲ್ಲದಿದ್ದರೆ? ಇದು ನಮ್ಮೊಬ್ಬರ ರೋಗವಲ್ಲ. ಅಮೆರಿಕದಲ್ಲಿ 37,000ಕ್ಕೂ ಹೆಚ್ಚು ನದಿ-ಹಳ್ಳ ಸುಧಾರಣೆ ಕೆಲಸಗಳ ದಾಖಲೆ ತೆಗೆದು ನೋಡಿದಾಗ, ನಂತರ ಏನಾಯ್ತು ಅಂತ ಅಳೆದ ಗುರುತು ಇದ್ದದ್ದು ಶೇ. 10ರಷ್ಟರಲ್ಲಿ ಮಾತ್ರ. 2005ರಲ್ಲಿ ಪ್ರಕಟವಾದ ಅಧ್ಯಯನ ಅದು. ಅದೇ ವರ್ಷ ಕೊರಿಯಾದ ಸೋಲ್ ನಗರದಲ್ಲಿ ಮೇಲ್ಸೇತುವೆ ಕಿತ್ತು ಚಂಗ್ಯೆಚನ್ ಹಳ್ಳವನ್ನು ಸುಮಾರು 5.8 ಕಿ.ಮೀ. ಉದ್ದಕ್ಕೆ ತೆರೆದರು. ಅಲ್ಲಿ ಕೆಲಸಕ್ಕೆ ಮುಂಚೆ 4 ಜಾತಿ ಮೀನು ಇದ್ದವು, 2008ಕ್ಕೆ 25 ಆದವು. ಟೀಕೆ ಇಲ್ಲವೆಂದಲ್ಲ. ದಿನಕ್ಕೆ 1.2 ಲಕ್ಷ ಟನ್ ನೀರು, ಅದರಲ್ಲಿ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿ ತರುತ್ತಾರೆ, ಇದು ಹಳ್ಳವೋ ಕಾರಂಜಿಯೋ ಅಂತ ಕೇಳುವವರು ಅಲ್ಲೂ ಇದ್ದಾರೆ. ಆದರೆ ಹೊಗಳುವವರಿಗೂ ತೆಗಳುವವರಿಗೂ ಜಗಳವಾಡಲು ಅಂಕಿ ಇದೆ, ನಮ್ಮ ಕೈಯಲ್ಲಿ ಬ್ಯಾನರ್ ಇದೆ. ಹಳೆ ಲೆಕ್ಕ ಇಲ್ಲದಿದ್ದರೂ ಒಂದು ದಾರಿ ಉಂಟು: ಕೆಲಸ ಶುರುವಾಗುವ ಜಾಗಕ್ಕಿಂತ ಮೇಲೆ ಒಂದು ಬಾಟಲಿ, ಮುಗಿಯುವ ಜಾಗದ ಕೆಳಗೆ ಒಂದು, ಕೈ ಹಾಕದ ಇನ್ನೊಂದು ನಾಲಾದಿಂದ ಒಂದು. ಅದೇ ದಿನ, ಅದೇ ಹೊತ್ತು. ವರ್ಷ ವರ್ಷ ಹೀಗೇ ತೆಗೆಯುತ್ತಾ ಹೋದರೆ ಫರಕು ತಾನಾಗಿ ಕಾಣುತ್ತದೆ.

ನಾಲಾ ಹರಿದು ಹೋಗುವ ಕೆಳಗಿನ ಕಡೆಯವರನ್ನು ಮರೆಯಬಾರದು. ನುಣ್ಣಗಿನ ಕಾಂಕ್ರೀಟ್ ಮೇಲೆ ನೀರು ಜೋರಾಗಿ ಓಡುತ್ತದೆ, ನಿಮ್ಮ ಬಡಾವಣೆ ಬಚಾವ್, ಮುಂದಿನ ಗದ್ದೆ ಮುಳುಗಡೆ. ನಮ್ಮ ಬೆಳಗಾವಿಯದೇ ಆದ ಬಳ್ಳಾರಿ ನಾಲಾ ಉಕ್ಕಿದಾಗ ಭತ್ತ ಕಳೆದುಕೊಳ್ಳುವ ಯಳ್ಳೂರು, ಶಹಾಪುರ, ವಡಗಾವಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಳ ಮುಚ್ಚಿದ್ದರಿಂದ ನೀರು ಇಂಗುವುದೂ ಕಮ್ಮಿ. ನಮ್ಮೂರಿನಲ್ಲಿ ತೆರೆದ ಬಾವಿಗಳಿಗೆ ಬರವಿಲ್ಲ, 1924ರ ಕಾಂಗ್ರೆಸ್ ಅಧಿವೇಶನಕ್ಕೆ ತೋಡಿದ ಬಾವಿ ಈಗಲೂ ಇದೆ. ನಾಲಾದ ಪಕ್ಕದ ಎರಡು ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಅಳೆದಿಡಿ.

ಸನ್ಮಾನಕ್ಕೆ ಹೋಗಲೋ ಬೇಡವೋ ಅಂತ ಕೊನೆಗೆ ಕೇಳಿದ್ದೀರಿ. ಹೋಗಿ. ಹಾರ ಹಾಕಿ, ಚಹಾ ಕುಡಿದು, ಎರಡೇ ಪ್ರಶ್ನೆ ಕೇಳಿ: ಕೆಲಸಕ್ಕೆ ಮುಂಚಿನ ಬಿಒಡಿ ಎಷ್ಟಿತ್ತು, ಮೊದಲು ನಾಲಾಕ್ಕೆ ಬೀಳುತ್ತಿದ್ದ ಚರಂಡಿ ಪೈಪುಗಳು ಈಗ ಎಲ್ಲಿ ಬೀಳುತ್ತವೆ? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಸಿಕ್ಕಿದ್ದನ್ನು ಕಳಿಸಿ, ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ