ಬೀಗ ಹಾಕಿದ ಸಿ.ಡಿ.

ಪ್ರಶ್ನೆ: ಹಾಡುಗಳು ಇಂಟರ್‌ನೆಟ್ಟಿಗೆ ಸೋರದಂತೆ ಧ್ವನಿಮುದ್ರಣ ಕಂಪನಿಗಳು ಸಿ.ಡಿ.ಗೇ ಬೀಗ ಹಾಕಿದ್ದವಂತೆ. ಅದು ಯಾಕೆ ಫಲಿಸಲಿಲ್ಲ?

ಉತ್ತರ: ಆಡಿಯೊ ಸಿ.ಡಿ.ಯ ಮೂಲ ವಿನ್ಯಾಸದಲ್ಲಿ ಬೀಗಕ್ಕೆ ಜಾಗವೇ ಇಲ್ಲ. ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದ ಸ್ಯಾಂಪಲ್, ತಲಾ 16 ಬಿಟ್, ಎಡ-ಬಲ ಎರಡು ಚಾನೆಲ್. ಎಲ್ಲವೂ ಬಿಚ್ಚಿಟ್ಟ ಅಂಕಿಗಳು. ಹಳೆಯ ಪ್ಲೇಯರಿನಲ್ಲಿ ಹಾಡಬೇಕು, ಕಂಪ್ಯೂಟರಿನಲ್ಲಿ ಮಾತ್ರ ಕೂಡದು ಎಂದರೆ ಉಳಿಯುವುದು ಕಣ್ಕಟ್ಟು ಅಷ್ಟೇ. ‘ಕೀ ಟು ಆಡಿಯೊ’ ವಿಧಾನದಲ್ಲಿ ಡಿಸ್ಕಿನ ಹೊರ ಅಂಚಿನಲ್ಲಿ ಹಾಡಲ್ಲದ ಸುಳ್ಳು ಡೇಟಾ ಟ್ರ್ಯಾಕ್ ಇಟ್ಟು ಕಂಪ್ಯೂಟರಿನ ಸಿ.ಡಿ. ಡ್ರೈವಿನ ದಾರಿ ತಪ್ಪಿಸುತ್ತಿದ್ದರು. 2002ರಲ್ಲಿ ಜನ ಆ ಅಂಚಿಗೆ ಮಾರ್ಕರ್ ಪೆನ್ ಬಳಿದರು, ಸುಳ್ಳು ಟ್ರ್ಯಾಕ್ ಮುಚ್ಚಿ ಬೀಗ ಕಳಚಿತು! 2003ರ ‘ಮೀಡಿಯಾಮ್ಯಾಕ್ಸ್’ ಎಂಬ ಬೀಗ, ಡಿಸ್ಕ್ ಹಾಕಿದೊಡನೆ ಅದರಲ್ಲಿನ ತಂತ್ರಾಂಶವನ್ನು ತಾನಾಗಿ ಓಡಿಸುವ ವಿಂಡೋಸ್‌ನ ಆಟೊರನ್ ಮೂಲಕ, ನಕಲು ತಡೆಯುವ ಡ್ರೈವರ್ ತಂತ್ರಾಂಶ ಸೇರಿಸುತ್ತಿತ್ತು. ಡಿಸ್ಕ್ ಹಾಕುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿದರೆ ಆಟೊರನ್ನೇ ಏಳುತ್ತಿರಲಿಲ್ಲ.

2005ರಲ್ಲಿ ಧ್ವನಿಮುದ್ರಣ ಕಂಪನಿ ಸೋನಿ ಬಿಎಂಜಿ ಬಳಸಿದ, ಸಿ.ಡಿ.ಯಿಂದ ಕಂಪ್ಯೂಟರಿಗೆ ಸೇರಿ ಅವಿತುಕೊಳ್ಳುವ ‘ಎಕ್ಸ್‌ಸಿಪಿ’ ತಂತ್ರಾಂಶದ್ದು ಅತಿರೇಕ. ಎಂಪಿ3 ಇಳಿಸಿಕೊಂಡವನಿಗೆ ಏನೂ ಆಗಲಿಲ್ಲ, ದುಡ್ಡು ಕೊಟ್ಟು ಸಿ.ಡಿ. ಕೊಂಡವನ ಕಂಪ್ಯೂಟರ್ ಕೆಟ್ಟಿತು. ‘$ಸಿಸ್$’ ಎಂದು ಶುರುವಾಗುವ ಯಾವ ಫೈಲನ್ನಾದರೂ ಅದು ಮರೆಮಾಚುತ್ತಿದ್ದುದರಿಂದ, ವೈರಸ್‌ನಂಥ ಕುತಂತ್ರಾಂಶಗಳೂ ಹಾಗೇ ಶುರುವಾಗುವ ಹೆಸರಿಟ್ಟುಕೊಂಡು ಅವಿತವು. ಎಕ್ಸ್‌ಸಿಪಿಯನ್ನು ಕೈಯಾರೆ ಅಳಿಸಹೋದರೆ ಕಂಪ್ಯೂಟರಿಗೆ ಸಿ.ಡಿ. ಡ್ರೈವೇ ಕಾಣೆ. ಆ ನವೆಂಬರಿನಲ್ಲಿ ಕಂಪನಿ ಡಿಸ್ಕುಗಳನ್ನು ವಾಪಸು ತರಿಸಿಕೊಂಡಿತು.